ಕಾರ್ಯಪ್ಪ, ತಿಮ್ಮಯ್ಯ: ಮನೆಹೆಸರು ಯಾವುದು?

ಪ್ರಶ್ನೆ: ಶಾಲೆಯ ಸ್ಮರಣ ಸಂಚಿಕೆಗೆ ಕೊಡಗಿನ ಸೇನಾನಿಗಳ ಪಟ್ಟಿ ಮಾಡುತ್ತಿದ್ದೇವೆ. ಕೆ.ಎಂ. ಕಾರ್ಯಪ್ಪ, ಕೆ.ಎಸ್. ತಿಮ್ಮಯ್ಯ ಇಬ್ಬರೂ ಒಂದೇ ಕುಟುಂಬದವರೇ? ಮನೆಹೆಸರು ‘ಕಾರ್ಯಪ್ಪ’ ಎಂದೇ ಬರೆಯಬೇಕೇ?
– ಓದುಗರು, ಕುಶಾಲನಗರ

ಉತ್ತರ: ಕಾರ್ಯಪ್ಪ, ತಿಮ್ಮಯ್ಯ ಎರಡೂ ಇಟ್ಟ ಹೆಸರುಗಳು. ಮನೆಹೆಸರು ಅಡಗಿರುವುದು ‘ಕೆ’ಯಲ್ಲಿ. ಕೊಡವರಲ್ಲಿ ಮೊದಲು ಒಕ್ಕದ (ಅಂದರೆ ಮನೆತನದ) ಹೆಸರು, ನಡುವೆ ತಂದೆಯದು, ಕೊನೆಗೆ ತನ್ನದು. ಬಿಡಿಸಿ ಬರೆದರೆ ಕೊಡಂದೇರ ಮಾದಪ್ಪ ಕಾರ್ಯಪ್ಪ, ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ. ಒಕ್ಕ ಒಂದೇ, ತಂದೆ ಬೇರೆ. ಹಾಗಾಗಿ ಒಡಹುಟ್ಟಿದವರಲ್ಲ.

1949ರ ಜನವರಿ 15ರಂದು ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದವರು ಕಾರ್ಯಪ್ಪ. ತಿಮ್ಮಯ್ಯ 1957ರಿಂದ 1961ರವರೆಗೆ ಸೇನಾ ಮುಖ್ಯಸ್ಥರಾಗಿದ್ದರು. ಒಂದೇ ಒಕ್ಕದಿಂದ ಇಬ್ಬರು!

ಪಟ್ಟಿ ಕೆಡುವುದು ಮುಂದಿನ ತಲೆಮಾರಿನಲ್ಲಿ. ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪನವರ ಮಗ ಏರ್ ಮಾರ್ಷಲ್ ಕೆ.ಸಿ. ಕಾರ್ಯಪ್ಪ. ಇಲ್ಲಿ ‘ಸಿ’ ಎಂದರೆ ಇಂಗ್ಲಿಷ್ ಕಾಗುಣಿತದ (Cariappa) ಪ್ರಕಾರ ತಂದೆಯ ಹೆಸರಾದ ಕಾರ್ಯಪ್ಪ. 1965ರ ಯುದ್ಧದಲ್ಲಿ ಪಾಕಿಸ್ತಾನದಲ್ಲಿ ಸೆರೆಸಿಕ್ಕವರು ಈ ಮಗ. ಬರೀ ‘ಕಾರ್ಯಪ್ಪ’ ಎಂದು ಬರೆದರೆ ಇಬ್ಬರೂ ಒಬ್ಬರಾಗಿಬಿಡುತ್ತಾರೆ.

ಮೊದಲಕ್ಷರವನ್ನೇ ನಂಬಿ ಒಕ್ಕ ಊಹಿಸಬೇಡಿ. ‘ಕೆ’ ಕುಪ್ಪಂಡವೂ ಆಗಬಹುದು, ಕಾಳಿಯಂಡವೂ ಆಗಬಹುದು. ಹೆಸರು ಒಂದೇ ಆದರೂ ಊರು ಬೇರೆ ಇರುವ ಒಕ್ಕಗಳೂ ಉಂಟು. ಒಕ್ಕಕ್ಕೊಂದು ತಂಡ ಆಡುವ ಕೊಡವ ಹಾಕಿ ಉತ್ಸವದ ಪಟ್ಟಿಯಲ್ಲಿ ಕೆಲವು ತಂಡಗಳ ಹೆಸರಿನ ಪಕ್ಕ ಊರನ್ನೂ ಹಾಕುವುದು ಅದಕ್ಕೇ. ಆದ್ದರಿಂದ ಐನ್‌ಮನೆ (ಒಕ್ಕದ ಮೂಲಮನೆ) ಯಾವ ಊರಲ್ಲಿದೆ ಎಂದು ಕೇಳಿ, ನಾಡಿನ (ಹಲವು ಊರುಗಳು ಸೇರಿದ ಸಾಂಪ್ರದಾಯಿಕ ವಿಭಾಗದ) ಹೆಸರನ್ನೂ ಬರೆದುಕೊಳ್ಳಿ. ಮದುವೆಯಾದ ಹೆಣ್ಣುಮಕ್ಕಳಿಗೆ ಗಂಡನ ಒಕ್ಕದ ಹೆಸರು ಬರುತ್ತದೆ, ತವರಿನ ಒಕ್ಕವನ್ನು ಬೇರೆಯಾಗಿ ವಿಚಾರಿಸಬೇಕು.

ಕೊಡಗಿನ ಅರೆಭಾಷೆ ಗೌಡರಲ್ಲೂ ಮನೆಹೆಸರು ಮುಂದೆಯೇ. 1837ರಲ್ಲಿ ಮಡಿಕೇರಿಯಲ್ಲಿ ಗಲ್ಲಿಗೇರಿಸಲ್ಪಟ್ಟ ಗುಡ್ಡೆಮನೆ ಅಪ್ಪಯ್ಯ ಗೌಡರ ಹೆಸರಿನಲ್ಲಿ ‘ಗುಡ್ಡೆಮನೆ’ಯೇ ಮನೆತನ. ‘ಗೌಡ’ ಎಂಬುದರ ಕೆಳಗೆ ಅಕಾರಾದಿ ಮಾಡಿದರೆ ಅರ್ಧ ಪಟ್ಟಿ ಅಲ್ಲೇ ರಾಶಿ ಬೀಳುತ್ತದೆ.

ನಿಮ್ಮ ಸಂಚಿಕೆಯಲ್ಲಿ ಅಕಾರಾದಿಗೆ ಒಕ್ಕದ ಹೆಸರನ್ನೇ ಹಿಡಿಯಿರಿ, ಪೂರ್ತಿಯಾಗಿ, ಮೊದಲಕ್ಷರವಾಗಿ ಬೇಡ. ಬಯಲುಸೀಮೆಯಲ್ಲಿ ‘ಕರಿಯಪ್ಪ’ ಎಂದು ಅಚ್ಚಾಗುವುದುಂಟು, ಕೊಡಗಿನಲ್ಲಿ ‘ಕಾರ್ಯಪ್ಪ’. ಅದನ್ನೇ ಉಳಿಸಿಕೊಳ್ಳಿ.