ಸಾಲ ಯಾವುದಕ್ಕೆ ಅಂತ ಕೇಳಿ

ಜಮಖಂಡಿಯ ಓದುಗರೊಬ್ಬರು ಬರೆದಿದ್ದಾರೆ: ‘ಬಜೆಟ್ ತುಂಬ ಬರೀ ಸಾಲ. ಈ ಸರ್ಕಾರ ಹೋದರೆ ಮಾತ್ರ ರಾಜ್ಯ ಉಳಿಯುತ್ತದೆ. ನೀವು ಯಾಕೆ ಸುಮ್ಮನಿದ್ದೀರಿ?’

ಬಜೆಟ್ ಓದಿ ಪತ್ರ ಬರೆಯುವವರು ಕಡಿಮೆ. ನೀವು ಬರೆದದ್ದು ಖುಷಿಯಾಯಿತು. 2025-26ರಲ್ಲಿ 1.16 ಲಕ್ಷ ಕೋಟಿ ರೂಪಾಯಿ ಸಾಲ ಎತ್ತುವ ಲೆಕ್ಕ ಇರುವುದು ನಿಜ. ಸಂಬಳಕ್ಕೂ ಪಿಂಚಣಿಗೂ ಸಾಲ ತರುವುದು ತಪ್ಪು, ಒಪ್ಪಿದೆ. ದಿನದ ಖರ್ಚಿನ ಆ ಕೊರತೆ 19,262 ಕೋಟಿ. ಬೈಯುವುದಿದ್ದರೆ ಅದನ್ನು ಬೈಯಿರಿ.

ಆದರೆ ಸಾಲ ಅಂದ ಕೂಡಲೇ ಮುಖ ತಿರುಗಿಸಿದರೆ ಹೇಗೆ? ನಮ್ಮ ಆಲಮಟ್ಟಿ ಅಣೆಕಟ್ಟನ್ನೇ ನೋಡಿ. ಖಜಾನೆಯಲ್ಲಿ ದುಡ್ಡು ಕೂಡಲಿ ಅಂತ ಕಾದಿದ್ದರೆ ಅದು ಇವತ್ತಿಗೂ ಏಳುತ್ತಿರಲಿಲ್ಲ. 1994ರಲ್ಲಿ ಕೃಷ್ಣಾ ಭಾಗ್ಯ ಜಲ ನಿಗಮ ಮಾಡಿ, ಬಾಂಡ್ ಮಾರಿ ಜನರಿಂದ ಹಣ ತಂದರು. ಊರಿಗೆ ಹಿನ್ನೀರು ಬರುತ್ತದೆ ಅಂತ ಹಳೇ ಬಾಗಲಕೋಟೆಯವರು ಮನೆ, ಅಂಗಡಿ ಬಿಟ್ಟು ನವನಗರಕ್ಕೆ ಬಂದರು. ಇವತ್ತು ಬೀಳಗಿ ಕಡೆ ಹೋಗಿ. ಹಿನ್ನೀರಿನ ದಂಡೆಯಲ್ಲಿ ಸಾಲಾಗಿ ಮೋಟಾರು, ಪೈಪು. ಮೇಲೆ ಆಳೆತ್ತರದ ಕಬ್ಬು. ಅದು ಸಾಲದ ದುಡ್ಡಿನ ಬೆಳೆ ಸ್ವಾಮಿ.

ಇನ್ನು ಸರ್ಕಾರ ಬದಲಾಗುವ ಮಾತು. 2020ರಲ್ಲಿ ಕೋವಿಡ್ ಹೊತ್ತಿಗೆ ಬಿಜೆಪಿ ಸರ್ಕಾರ, ಸಾಲದಿಂದ ತುಂಬುವ ಒಟ್ಟು ಕೊರತೆಯ ಮಿತಿಯನ್ನು ರಾಜ್ಯದ ಒಟ್ಟು ಉತ್ಪನ್ನದ ಶೇ 3ರಿಂದ 5ಕ್ಕೆ ಏರಿಸಿತು. ರಾಜ್ಯ ಸಾಲದಲ್ಲಿ ಮುಳುಗುತ್ತದೆ ಅಂತ ಆಗ ಕಾಂಗ್ರೆಸ್ ತಕರಾರು ತೆಗೆಯಿತು. ಈಗ ಅದೇ ಮಾತು ಬಿಜೆಪಿ ಬಾಯಲ್ಲಿ. ನಾವೂ ಹಾಗೇ ಅಲ್ವಾ? ನಮ್ಮ ಪಕ್ಷ ತಂದರೆ ಅಭಿವೃದ್ಧಿ, ಅವರು ತಂದರೆ ದಿವಾಳಿ. ನಿಮ್ಮಂಥ ತಿಳಿದವರೂ ಈ ಸಾಲಿಗೆ ಸೇರಿದರೆ ಬೇಸರವಾಗುತ್ತದೆ.

ನನ್ನ ಸಿಟ್ಟು ಬೇರೆ ಕಡೆ ಇದೆ. ಆಲಮಟ್ಟಿ ಎತ್ತರ 519.6 ಮೀಟರಿನಿಂದ 524.256ಕ್ಕೆ ಏರಿಸಲು ಕೃಷ್ಣಾ ನೀರು ಹಂಚುವ ನ್ಯಾಯಾಧಿಕರಣ 2010ರಲ್ಲೇ ಒಪ್ಪಿತು. ಎಷ್ಟು ಸರ್ಕಾರ ಬಂದವು, ಎಷ್ಟು ಹೋದವು! ಹೊಲ ಮುಳುಗುವ ರೈತರು ಮಾತ್ರ ಬಾವಿ ತೋಡಬೇಕೋ ಬೇಡವೋ, ಮನೆ ಕಟ್ಟಬೇಕೋ ಬೇಡವೋ ತಿಳಿಯದೆ ಕೂತಿದ್ದಾರೆ. 2025ರ ಸೆಪ್ಟೆಂಬರಿನಲ್ಲಿ ಸಚಿವ ಸಂಪುಟ ಮುಳುಗುವ ನೀರಾವರಿ ಭೂಮಿಗೆ ಎಕರೆಗೆ 40 ಲಕ್ಷ, ಒಣ ಭೂಮಿಗೆ 30 ಲಕ್ಷ ಪರಿಹಾರ ಅಂತ ತೀರ್ಮಾನಿಸಿತು. ಸಾಲ ತರುವುದಿದ್ದರೆ ಇದಕ್ಕೆ ತರಲಿ. ನಾನಂತೂ ಬೇಡ ಅನ್ನುವುದಿಲ್ಲ.

ಬೆಳಗಾವಿ ಅಧಿವೇಶನಕ್ಕೆ ಹೋಗುವ ನಿಮ್ಮ ಶಾಸಕರಿಗೂ ಒಂದು ಪತ್ರ ಹಾಕಿ. ಪಕ್ಷ ಯಾವುದೇ ಇರಲಿ. ತರುವ ಸಾಲದಲ್ಲಿ ಮುಳುಗುವ ಹೊಲಕ್ಕೆ ಎಷ್ಟು, ಯಾವ ವರ್ಷ ಕೊಡುತ್ತೀರಿ ಅಂತ ಕೇಳಿ. ಉತ್ತರ ಬಂದರೆ ನಮಗೂ ಕಳಿಸಿ, ಪೂರ್ತಿ ಅಚ್ಚು ಹಾಕುತ್ತೇವೆ.

– ಸಂಪಾದಕ