ಡಚ್ಚರು ಆಲೂಗಡ್ಡೆಯನ್ನೂ ಮನೆಯಿಂದಲೇ ಹೊತ್ತುಕೊಂಡು ಪ್ರವಾಸ ಹೋಗ್ತಾರಾ?

"ಡಚ್ ಸಹೋದ್ಯೋಗಿಯ ಮನೆಯವರ ಜೊತೆ ಕಾರಿನಲ್ಲಿ ಫ್ರಾನ್ಸಿಗೆ ಹೊರಟಿದ್ದೇನೆ, ಡಚ್ಚರು ಮಹಾ ಜುಗ್ಗರಂತೆ, ನಿಜವಾ" ಅಂತ ಕೇಳಿದ್ದೀರಿ. ನಾನು ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ನಲ್ಲಿ ಆರು ವರ್ಷದಿಂದ ಇದ್ದೇನೆ. ಪಕ್ಕದ ಮನೆಯ ದಂಪತಿಯ ಜೊತೆ ಒಂದು ಬೇಸಿಗೆ ಇದೇ ದಾರಿಯಲ್ಲಿ ಹೋಗಿಬಂದಿದ್ದೇನೆ, ಹಾಗಾಗಿ ಕಂಡದ್ದನ್ನೇ ಹೇಳುತ್ತೇನೆ.

ಆಲೂಗಡ್ಡೆ ಕಥೆ ಸುಳ್ಳಲ್ಲ. ಅವರ ಕ್ಯಾರವಾನ್‌ನ (ಕಾರಿನ ಹಿಂದೆ ಎಳೆದೊಯ್ಯುವ ಪುಟ್ಟ ಮನೆ) ಕಪಾಟಿನಲ್ಲಿ ಒಂದು ಚೀಲ ಆಲೂಗಡ್ಡೆ, ಕಾಫಿಪುಡಿ, ಪೀನಟ್ ಬಟರ್, ಬ್ರೆಡ್ ಮೇಲೆ ಉದುರಿಸುವ ಚಾಕೊಲೇಟ್ ಕಾಳು ಎಲ್ಲವೂ ಇದ್ದವು. ಫ್ರಾನ್ಸಿನಲ್ಲಿ ಆಲೂಗಡ್ಡೆ ಸಿಗಲ್ವಾ ಅಂದೆ. "ಸಿಗುತ್ತೆ, ಆದರೆ ಮನೆಯಲ್ಲಿದ್ದದ್ದು ಮೊಳಕೆ ಬಂದು ಹಾಳಾಗುತ್ತಲ್ಲ" ಅಂದರು ಆಕೆ. ಚಟ್ನಿಪುಡಿ, ಗೊಜ್ಜವಲಕ್ಕಿ ಕಟ್ಟಿಕೊಳ್ಳದೆ ಊರು ಬಿಡದ ನಮಗೆ ಇದು ಅರ್ಥವಾಗದ ಮಾತಲ್ಲ.

ಲಕ್ಸೆಂಬರ್ಗ್ ಬಂತು ಅಂದರೆ ಟ್ಯಾಂಕ್ ತುಂಬಿಸಲೇಬೇಕು, ಅಲ್ಲಿ ಪೆಟ್ರೋಲ್ ಅಗ್ಗ. ಹಳದಿ ನಂಬರ್ ಪ್ಲೇಟಿನ ಡಚ್ ಗಾಡಿಗಳದ್ದೇ ಸಾಲು. ಮಧ್ಯಾಹ್ನದ ಊಟ ಹೆದ್ದಾರಿ ಪಕ್ಕದ ಬೆಂಚಿನ ಮೇಲೆ, ಬೆಳಗ್ಗೆ ಕಟ್ಟಿದ್ದ ಚೀಸ್ ಬ್ರೆಡ್. ರಾತ್ರಿ ಊಟವಾದ ಮೇಲೆ ಕಸ್ಟರ್ಡಿನಂಥ 'ಫ್ಲಾ' ಬಡಿಸಿದರು. ಬಾಟಲಿ ಖಾಲಿ ಅಂತ ನಾನು ಎತ್ತಿಡಲು ಹೋದರೆ, ಆತ ಡ್ರಾಯರ್‌ನಿಂದ ಉದ್ದ ಕಡ್ಡಿಯ ತುದಿಗೆ ಅರ್ಧಚಂದ್ರದ ರಬ್ಬರ್ ಇರುವ ಸಾಧನ ತೆಗೆದರು. ಹೆಸರು 'ಫ್ಲೆಸ್ಸೆನ್‌ಲಿಕ್ಕರ್', ಅಂದರೆ ಬಾಟಲಿ ನೆಕ್ಕುವುದು! ಗೋಡೆಗೆ ಅಂಟಿದ್ದನ್ನೆಲ್ಲ ತಿರುಗಿಸಿ ತಿರುಗಿಸಿ ಕೆರೆದಾಗ ಇನ್ನೂ ಮೂರು ಚಮಚ ಬಂತು. ಅದನ್ನು ನನ್ನ ಮಗಳ ಬಟ್ಟಲಿಗೇ ಹಾಕಿದರು.

ಜೋಕುಗಳಂತೂ ಎಲ್ಲ ಕಡೆ ಇವೆ. ತಾಮ್ರದ ತಂತಿ ಹುಟ್ಟಿದ್ದು ಇಬ್ಬರು ಡಚ್ಚರು ಒಂದು ಸೆಂಟಿಗಾಗಿ ಎಳೆದಾಡಿದ್ದರಿಂದ ಅಂತ ಬೆಲ್ಜಿಯಂನವರು ನಗುತ್ತಾರೆ. ಟರ್ಕಿಯ ಸಂತೆಗಳಲ್ಲಿ ವ್ಯಾಪಾರಿಗಳು ಡಚ್ಚರನ್ನು ಕಂಡರೆ ಅವರದೇ ಭಾಷೆಯಲ್ಲಿ "ಕೈಕನ್, ಕೈಕನ್, ನೀತ್ ಕೋಪನ್" ಅಂತ ಕೂಗುತ್ತಾರೆ: ನೋಡೋದು, ನೋಡೋದು, ಕೊಳ್ಳೋದಿಲ್ಲ. ಇದನ್ನು ಡಚ್ಚರೇ ನಗುನಗುತ್ತಾ ಹೇಳಿಕೊಳ್ಳುತ್ತಾರೆ.

ಆದರೆ ಜುಗ್ಗ ಅನ್ನೋ ಮಾತನ್ನು ನಾನು ಒಪ್ಪಲ್ಲ. ಅವರ ಭಾಷೆಯಲ್ಲಿ ಹಾಳುಮಾಡದೆ ಬಳಸುವವನಿಗೆ ಒಂದು ಪದ, ಕೈಬಿಚ್ಚದವನಿಗೆ ಇನ್ನೊಂದು. ಮೊದಲನೆಯದು ಹೊಗಳಿಕೆ, ಎರಡನೆಯದು ಬೈಗುಳ. ಎರಡನೇ ಮಹಾಯುದ್ಧದ ಕೊನೆಗೆ, 1944-45ರ ಚಳಿಗಾಲದ ಕ್ಷಾಮದಲ್ಲಿ ಇಲ್ಲಿ ಸುಮಾರು 20,000 ಜನ ಸತ್ತರು, ಟ್ಯುಲಿಪ್ ಗೆಡ್ಡೆ ಬೇಯಿಸಿ ತಿಂದವರಿದ್ದರು. ಅಂಥ ಮನೆಗಳಲ್ಲಿ ಬೆಳೆದವರ ಮಕ್ಕಳು ಬಾಟಲಿ ಕೆರೆಯುವುದರಲ್ಲಿ ಏನು ಆಶ್ಚರ್ಯ? ಇದೇ ದೇಶ 1975ರಿಂದ ಸುಮಾರು ನಾಲ್ಕು ದಶಕ ತನ್ನ ರಾಷ್ಟ್ರೀಯ ಆದಾಯದ ಶೇ. 0.7ಕ್ಕಿಂತ ಹೆಚ್ಚು ಬಡ ದೇಶಗಳ ನೆರವಿಗೆ ಕೊಟ್ಟಿದೆ. ಮರುವರ್ಷ ಆ ದಂಪತಿ ಅದೇ ಕ್ಯಾರವಾನನ್ನು ಎರಡು ವಾರ ನಮಗೆ ಬಿಟ್ಟುಕೊಟ್ಟರು, ಬಾಡಿಗೆ ಅಂತ ಒಂದು ಸೆಂಟ್ ಮುಟ್ಟಲಿಲ್ಲ.

ಧೈರ್ಯವಾಗಿ ಹೋಗಿ. ಕಾಫಿ ಕುಡಿದ ಸಂಜೆಯೇ ನಿಮ್ಮ ಪಾಲಿನ 2 ಯೂರೋ 40 ಸೆಂಟಿಗೆ ಫೋನಿಗೆ 'ಟಿಕ್ಕಿ' ಬರುತ್ತೆ, ದುಡ್ಡು ಹಂಚಿಕೊಳ್ಳುವ ಆ್ಯಪ್ ಅದು. ಬೇಜಾರು ಮಾಡ್ಕೋಬೇಡಿ, ಆಗಲೇ ಕಟ್ಟಿಬಿಡಿ. ನೀವು ಖರ್ಚು ಮಾಡಿದಾಗಲೂ ಸಂಕೋಚವಿಲ್ಲದೆ ಕಳಿಸಿ, ಅವರು ಅದನ್ನೇ ಬಯಸೋದು. ಒಂದು ಡಬ್ಬಿ ಚಟ್ನಿಪುಡಿ ಇಟ್ಕೊಳ್ಳಿ, ಅವರ ಬೇಯಿಸಿದ ಆಲೂಗಡ್ಡೆಗೆ ಬಹಳ ಚೆನ್ನಾಗಿ ಹೊಂದುತ್ತೆ.