ಪ್ರತಿಕ್ರಿಯೆ: ಚೆಕ್ ಕೊಟ್ಟು ಪೋಸ್ಟ್ ಆಫೀಸ್ ಆರ್‌ಡಿ ತೆರೆಯುವುದು

ಅರ್ಜಿ, ಚೆಕ್ ಎರಡನ್ನೂ ಕವರಿನಲ್ಲಿ ಹಾಕಿ ಕಳಿಸಿದರೆ ಆಗುತ್ತಾ, 14ಕ್ಕೆ ಚೆಕ್ ತಲುಪಿದರೆ ಅವತ್ತಿಂದಲೇ ಆರ್‌ಡಿ (ತಿಂಗಳು ತಿಂಗಳು ಕಂತು ಕಟ್ಟುವ ಠೇವಣಿ) ಶುರುವಾಗುತ್ತಾ ಅಂತ ಕೇಳಿದ್ದೀರಿ. ಕಳಿಸಬೇಡಿ ಸರ್, ಒಮ್ಮೆ ಕೌಂಟರಿಗೇ ಹೋಗಿ. ಆಧಾರ್, ಪ್ಯಾನ್, ಫೋಟೋ ಕೊಟ್ಟು ಅವರ ಎದುರಿಗೇ ಸಹಿ ಹಾಕಿದರೆ ಅರ್ಜಿ ವಾಪಸ್ ಬರುವ ರಗಳೆ ಇರಲ್ಲ.

ಇನ್ನು ತಾರೀಖಿನ ವಿಷಯ, ಇದೇ ಮುಖ್ಯ. ಚೆಕ್ ಕೊಟ್ಟ ದಿನ ಲೆಕ್ಕಕ್ಕಿಲ್ಲ, ಅದು ಕ್ಲಿಯರ್ ಆದ ದಿನವೇ ಖಾತೆ ತೆರೆದ ದಿನ. 15ರೊಳಗೆ ತೆರೆದರೆ ಮುಂದಿನ ಕಂತುಗಳನ್ನು ಪ್ರತಿ ತಿಂಗಳು 15ರೊಳಗೇ ಕಟ್ಟಬೇಕು. 16 ಅಥವಾ ಆಮೇಲೆ ಆದರೆ ತಿಂಗಳ ಕೊನೆಯ ಕೆಲಸದ ದಿನದವರೆಗೂ ಸಮಯ. ನಿಮಗೆ ಸಂಬಳ 25ಕ್ಕೆ ಅಂದಿರಲ್ಲ, ಹಾಗಾದರೆ 14ಕ್ಕೆ ಯಾಕೆ ಅವಸರ? ಬೇಕಂತಲೇ 16 ದಾಟಿಸಿ ಚೆಕ್ ಕೊಡಿ. ಐದು ವರ್ಷ, ಅಂದರೆ 60 ಕಂತು, ಕೈ ಬಿಗಿ ಇರುವ ಹೊತ್ತಲ್ಲಿ ಕಟ್ಟುವ ತಾಪತ್ರಯ ತಪ್ಪುತ್ತೆ. ಕಂತು ತಪ್ಪಿದರೆ ನೂರಕ್ಕೆ 1 ರೂಪಾಯಿ ದಂಡ. ಅದು ಸಣ್ಣದು, ಆದರೆ ನಾಲ್ಕು ಕಂತು ಬಾಕಿಯಾದ ಮೇಲೂ ಕಟ್ಟದಿದ್ದರೆ ಖಾತೆಯೇ ನಿಂತುಹೋಗುತ್ತೆ.

ಅಲ್ಲೇ ಒಂದು ಉಳಿತಾಯ ಖಾತೆಯನ್ನೂ ಮಾಡಿಸಿಕೊಳ್ಳಿ. ಕಂತು ಅದರಿಂದಲೇ ಹೋಗುವಂತೆ ಬರೆದುಕೊಟ್ಟರೆ ತಿಂಗಳು ತಿಂಗಳು ಚೆಕ್ ಬರೆಯುವ ಕೆಲಸವೇ ಇಲ್ಲ.